ಕೋಡು, ರಿವ್ಯೂ, ಬೈಕು: ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೆಯುವವನು, ಆಫೀಸಿಗೆ ಬೈಕಿನಲ್ಲಿ ಓಡಾಡುವವನು. ಟೀಮಿಗೆ ಹೊಸದಾಗಿ ಸೇರಿದವರು, ಮದುವೆಮನೆಯಲ್ಲಿ ಸಿಗುವ ಮಾವಂದಿರು, ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಲ್ಲುವ ಅಪರಿಚಿತರು ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ಹದಿನಾಲ್ಕು ವರ್ಷದಿಂದ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿ ಒಂದು ಕಡೆ ಬರೆದಿಡುತ್ತಿದ್ದೇನೆ. ಕ್ರಮ ಅಂತೇನೂ ಇಲ್ಲ.

ನೀನು ಆಫೀಸಲ್ಲಿ ದಿನಾ ಮಾಡೋದಾದ್ರೂ ಏನು ಮಗಾ?

ಇದು ಅಮ್ಮನ ಪ್ರಶ್ನೆ. ಬರೆಯೋದಕ್ಕಿಂತ ಬೇರೆಯವರು ಬರೆದದ್ದನ್ನು ಓದೋದೇ ಜಾಸ್ತಿ, ಮೇಷ್ಟ್ರು ಪೇಪರ್ ತಿದ್ದೋ ಥರ, ಅಂದೆ. "ಮಾರ್ಕ್ಸ್ ಎಷ್ಟು ಕೊಡ್ತೀಯ?" ಅಂದಳು. ಮಾರ್ಕ್ಸ್ ಇಲ್ಲ, ಸರಿ ಆಗೋವರೆಗೂ ವಾಪಸ್ ಕಳಿಸ್ತೀವಿ ಅಂದೆ. "ಅಯ್ಯೋ ಪಾಪ" ಅಂದಳು. ಯಾರಿಗೆ ಪಾಪ ಅಂದಳೋ ಗೊತ್ತಾಗಲಿಲ್ಲ.

ಕೋಡ್ ರಿವ್ಯೂ ಇಷ್ಟೊಂದು ಬೇಕಾ? ಟೆಸ್ಟ್ ಪಾಸ್ ಆದ್ರೆ ಸಾಲದಾ?

ಸಾಲದು. ರಿವ್ಯೂ ಅಂದರೆ ಒಬ್ಬ ಬರೆದ ಕೋಡನ್ನು ಸೇರಿಸುವ ಮೊದಲು ಇನ್ನೊಬ್ಬ ಓದಿ ನೋಡುವುದು. ಟೆಸ್ಟ್ ಅಂದರೆ ಕೋಡು ಸರಿಯಿದೆಯೇ ಅಂತ ಪರೀಕ್ಷಿಸಲು ಬರೆದ ಇನ್ನೊಂದು ಕೋಡು. ಬರೆದವನಿಗೆ ಹೊಳೆದದ್ದನ್ನು ಮಾತ್ರ ಟೆಸ್ಟ್ ಪರೀಕ್ಷಿಸುತ್ತದೆ. ಅವನಿಗೆ ಹೊಳೆಯದೇ ಇದ್ದದ್ದನ್ನು ಇನ್ನೊಬ್ಬ ಬಂದು ಕೇಳಬೇಕು.

ಇದು ನಿನ್ನೆ ಮೊನ್ನೆಯ ಪದ್ಧತಿಯೂ ಅಲ್ಲ. ಐಬಿಎಂನ ಮೈಕೆಲ್ ಫೇಗನ್ 1976ರಲ್ಲೇ ಇದರ ಬಗ್ಗೆ ಪ್ರಬಂಧ ಬರೆದರು. ಆಗ ಕೋಡನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ನಾಲ್ಕೈದು ಜನ ಒಂದು ಕೋಣೆಯಲ್ಲಿ ಕೂತು, ಸಾಲು ಸಾಲು ಓದುತ್ತಿದ್ದರು. ಒಬ್ಬ ಓದುವವನು, ಒಬ್ಬ ಬರೆದವನು, ಒಬ್ಬ ಸಭೆ ನಡೆಸುವವನು. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಬರೆದರು, 2008ರಲ್ಲಿ ಆ ಕೋಡನ್ನು ಹಂಚಿಕೊಳ್ಳುವ ಜಾಲತಾಣ ಗಿಟ್‌ಹಬ್ ಬಂತು, ಆ ಕೋಣೆ ಬ್ರೌಸರಿನೊಳಗೆ ಸೇರಿತು. ಅನುಕೂಲ ಆಯಿತು, ನಿಜ. ಆದರೆ ಕೋಣೆಯಲ್ಲಿ ಕೂತಾಗ ಓದದೇ ತಲೆ ಆಡಿಸುವುದು ಕಷ್ಟ. ಈಗ ಒಪ್ಪಿಗೆಯ ಹಸಿರು ಬಟನ್ ಒತ್ತಿದರೆ ಮುಗಿಯಿತು.

ನನ್ನ ಪಿಆರ್ (ಪುಲ್ ರಿಕ್ವೆಸ್ಟ್, ಅಂದರೆ ಕೋಡಿನ ಬದಲಾವಣೆ ನೋಡಿ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಮೂರು ದಿನದಿಂದ ಹಾಗೇ ಬಿದ್ದಿದೆ, ಯಾರೂ ನೋಡ್ತಿಲ್ಲ. ಏನು ಮಾಡಲಿ?

ಎಷ್ಟು ಸಾಲು ಇದೆ ಅಂತ ಮೊದಲು ಹೇಳಿ. ಸಾವಿರದ ನಾನೂರಾ? ನಾನೂ ನೋಡಲ್ಲ.

ನಲವತ್ತು ಸಾಲಿನ ಪಿಆರ್ ಬಂದರೆ ಕಾಫಿ ಕಪ್ಪು ಕೈಯಲ್ಲಿ ಹಿಡಿದೇ ಓದಿ ಆರು ಪ್ರಶ್ನೆ ಕೇಳುತ್ತಾರೆ. ಸಾವಿರ ಸಾಲಿನದು ಬಂದರೆ "ಮಧ್ಯಾಹ್ನ ನೋಡ್ತೀನಿ" ಅನ್ನುತ್ತಾರೆ. ಮಧ್ಯಾಹ್ನ ಮೀಟಿಂಗು. ಮೂರನೇ ದಿನ ನೀವು ನೆನಪಿಸಿದಾಗ ನಾಚಿಕೆಯಿಂದ ಸರ್ರನೆ ಸ್ಕ್ರೋಲ್ ಮಾಡಿ, ಒಂದು ಸ್ಪೆಲ್ಲಿಂಗ್ ತಪ್ಪು ಹಿಡಿದು, ಎಲ್‌ಜಿಟಿಎಂ ("ಲುಕ್ಸ್ ಗುಡ್ ಟು ಮಿ", ನನಗೆ ಸರಿ ಕಾಣುತ್ತಿದೆ) ಒತ್ತುತ್ತಾರೆ. ಆ ಸ್ಪೆಲ್ಲಿಂಗ್ ತಪ್ಪು "ನೋಡಿದ್ದೇನೆ" ಅನ್ನುವುದಕ್ಕೆ ಸಾಕ್ಷಿ ಅಷ್ಟೇ.

ನನ್ನ ಲೆಕ್ಕ ಹೀಗೆ: ಇನ್ನೂರು ಸಾಲು ದಾಟಿದರೆ ಒಡೆಯಿರಿ. ಹೆಸರು ಬದಲಿಸಿದ್ದು, ಫೈಲ್ ಜಾಗ ಬದಲಿಸಿದ್ದು ಒಂದು ಪಿಆರ್. ನಿಜವಾಗಿ ನಡವಳಿಕೆ ಬದಲಾಗಿದ್ದು ಇನ್ನೊಂದು. ಎರಡನ್ನೂ ಕಲಸಿದರೆ ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸ ಓದುವವನ ತಲೆಗೆ ಬೀಳುತ್ತದೆ. ಮತ್ತೆ, ವಿವರಣೆಯಲ್ಲಿ ಏನು ಮಾಡಿದ್ದೀರಿ ಅಂತ ಬರೆಯಬೇಡಿ, ಅದು ಹಳೇ ಕೋಡಿಗೂ ಹೊಸದಕ್ಕೂ ಇರುವ ವ್ಯತ್ಯಾಸ ತೋರಿಸುವ ಡಿಫ್‌ನಲ್ಲೇ ಕಾಣುತ್ತದೆ. ಯಾಕೆ ಮಾಡಿದ್ದೀರಿ, ಬೇರೆ ಯಾವ ದಾರಿ ಯೋಚಿಸಿ ಬಿಟ್ಟಿರಿ, ಅದನ್ನು ಬರೆಯಿರಿ.

ರಿವ್ಯೂ ಮಾಡುವಾಗ ನೀವು ಮೊದಲು ನೋಡೋದೇನು?

ಗಡಿಯಾರ.

ತಮಾಷೆಯಲ್ಲ. ಹಿಂದೊಂದು ಕಂಪನಿಯಲ್ಲಿದ್ದಾಗ ಬೆಳಗಿನ ಹಾಲು, ಮೊಸರು, ಹೂವು ಮನೆಗೆ ತಲುಪಿಸುವ ಆ್ಯಪ್ ಮಾಡುತ್ತಿದ್ದೆವು. ಒಂದು ಜೂನ್ ತಿಂಗಳು, ಸಂಜೆ ಆರೂ ನಲವತ್ತು. ಕಿಟಕಿಯಾಚೆ ಮೋಡ ಕಪ್ಪಿಟ್ಟಿತ್ತು, ಹೆಲ್ಮೆಟ್ ಆಗಲೇ ಮೇಜಿನ ಮೇಲಿತ್ತು. ಹೊರವರ್ತುಲ ರಸ್ತೆಯಿಂದ ಬನಶಂಕರಿಗೆ ಮಳೆ ಬರುವುದರೊಳಗೆ ಸೇರಬೇಕು. ಟೀಮಿನ ಹುಡುಗನೊಬ್ಬ "ಸರ್, ಒಂಬತ್ತೇ ಸಾಲು, ಒಂದ್ಸಲ ನೋಡಿಬಿಡಿ" ಅಂದ. ಒಂಬತ್ತೂ ಸಾಲು ನೋಡಿದೆ. ಅಂದಿನ ಆರ್ಡರುಗಳನ್ನು ಅಂದಿನ ತಾರೀಖಿನ ಪಟ್ಟಿಗೆ ಸೇರಿಸುವ ಕೋಡು, ಚೊಕ್ಕವಾಗಿತ್ತು, ಟೆಸ್ಟ್ ಕೂಡ ಇತ್ತು. ಒತ್ತಿದೆ, ಹೊರಟೆ, ದಾರಿಯಲ್ಲಿ ಹೇಗೂ ನೆನೆದೆ.

ಬೆಳಗ್ಗೆ ಐದೂವರೆಗೆ ಫೋನು. ರಾತ್ರಿ ಹನ್ನೆರಡರ ಮೇಲೆ ಬಂದ ಆರ್ಡರುಗಳೆಲ್ಲ ಹಿಂದಿನ ದಿನದ ಪಟ್ಟಿಯಲ್ಲಿ ಕೂತಿದ್ದವು. ಹಿಂದಿನ ದಿನದ ಗಾಡಿ ಹೋಗಿ ಆಗಿತ್ತು. ಸರ್ವರು ಯುಟಿಸಿ ಅನ್ನುವ ಜಾಗತಿಕ ಪ್ರಮಾಣ ಸಮಯದಲ್ಲಿತ್ತು, ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಂದರೆ ನಮ್ಮಲ್ಲಿ ಮಧ್ಯರಾತ್ರಿಯಿಂದ ಬೆಳಗಿನ ಐದೂವರೆವರೆಗೆ ಸರ್ವರಿಗೆ ಇನ್ನೂ ನಿನ್ನೆ. ಹುಡುಗ ಟೆಸ್ಟ್ ಓಡಿಸಿದ್ದು ಹಗಲು ಹನ್ನೊಂದಕ್ಕೆ, ಆಗ ಎರಡೂ ಕಡೆ ಒಂದೇ ತಾರೀಖು. ಪಾಸಾಗದೆ ಏನು?

ಬೈಯಬೇಕಾದದ್ದು ಅವನನ್ನಲ್ಲ. ನಾನು ಕೋಡನ್ನು ನೋಡಿದ್ದೆ, ಕಂಡಿರಲಿಲ್ಲ, ಯಾಕೆಂದರೆ ಕಣ್ಣು ಮೋಡದ ಮೇಲಿತ್ತು. ಅಂದಿನಿಂದ ಎರಡು ನಿಯಮ. ಡಿಫ್‌ನಲ್ಲಿ ತಾರೀಖು, ಸಮಯ ಏನಾದರೂ ಕಂಡರೆ "ಇದು ಯಾವ ಊರಿನ ಸಮಯ?" ಅಂತ ಕೇಳಿಯೇ ಮುಂದಕ್ಕೆ. ಮತ್ತೆ, ಹೆಲ್ಮೆಟ್ ಕೈಗೆ ತಗೊಂಡ ಮೇಲೆ ಯಾರು ಕೇಳಿದರೂ ರಿವ್ಯೂ ಇಲ್ಲ, "ನಾಳೆ ಬೆಳಗ್ಗೆ".

ಗಡಿಯಾರ ಆದ ಮೇಲೆ ದುಡ್ಡು. ರೂಪಾಯಿಯನ್ನು ಫ್ಲೋಟ್‌ನಲ್ಲಿ (ದಶಮಾಂಶ ಸಂಖ್ಯೆಯನ್ನು ಯಂತ್ರ ಅಂದಾಜಾಗಿ ಇಡುವ ಬಗೆ) ಇಟ್ಟಿದ್ದರೆ ಅಲ್ಲೇ ನಿಲ್ಲಿಸುತ್ತೇನೆ. 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುವ ಜಾಗದಲ್ಲಿ ಜನರ ಹಣ ಇಡಬಾರದು. ಪೈಸೆಯಲ್ಲಿ, ಪೂರ್ಣಾಂಕದಲ್ಲಿ ಇಡಿ.

ಅಷ್ಟೊಂದು ಜನ ನೋಡಿದ್ರೂ ದೊಡ್ಡ ದೊಡ್ಡ ತಪ್ಪುಗಳು ಹೋಗ್ತವಲ್ಲ?

ಹೋಗುತ್ತವೆ. 2014ರ ಏಪ್ರಿಲ್‌ನಲ್ಲಿ ಬೆಳಕಿಗೆ ಬಂದ ಹಾರ್ಟ್‌ಬ್ಲೀಡ್ ಅನ್ನುವ ಭದ್ರತಾ ದೋಷ ತಗೊಳ್ಳಿ. ಇಂಟರ್ನೆಟ್ಟಿನ ಮಾತುಕತೆಯನ್ನು ಗುಪ್ತವಾಗಿಡುವ ಓಪನ್‌ಎಸ್‌ಎಸ್‌ಎಲ್‌ಗೆ ಆ ಕೋಡ್ ಸೇರಿದ್ದು 2011ರ ಕೊನೆಯಲ್ಲಿ, ರಿವ್ಯೂ ಆಗಿಯೇ ಸೇರಿತ್ತು. ತಪ್ಪು ಬಹಳ ಸರಳ. ಒಬ್ಬ ಅಂಗಡಿಗೆ ಹೋಗಿ ಒಂದು ಪಾವು ಅಕ್ಕಿ ಕೊಟ್ಟು "ಐದು ಸೇರು ಕೊಟ್ಟಿದ್ದೀನಿ, ಅಷ್ಟೇ ವಾಪಸ್ ಕೊಡಿ" ಅನ್ನುತ್ತಾನೆ. ಅಂಗಡಿಯವನು ಅಳೆದು ನೋಡದೆ ಪಕ್ಕದ ಮೂಟೆಯಿಂದ ಸೇರಿಸಿ ಐದು ಸೇರು ಕೊಡುತ್ತಾನೆ. ಆ ಮೂಟೆಯಲ್ಲಿದ್ದದ್ದು ಸರ್ವರಿನ ಮೆಮೊರಿ, ಅದರಲ್ಲಿ ಪಾಸ್‌ವರ್ಡು, ಗುಪ್ತ ಕೀಲಿ ಏನು ಬೇಕಾದರೂ ಇರಬಹುದಿತ್ತು. ಒಂದು ಸಲ ಕೇಳಿದರೆ 64 ಕಿಲೋಬೈಟ್‌ವರೆಗೆ. ತಪ್ಪಿಹೋಗಿದ್ದು ಅಳೆಯುವ ಒಂದು ಸಾಲು. ಇರುವ ಸಾಲನ್ನು ಎಲ್ಲರೂ ಓದುತ್ತಾರೆ, ಇರಬೇಕಾಗಿದ್ದು ಇಲ್ಲದೇ ಇರುವುದನ್ನು ಕಾಣುವುದೇ ಈ ಕೆಲಸದಲ್ಲಿ ಕಷ್ಟ.

ಅದೇ ವರ್ಷ ಫೆಬ್ರವರಿಯಲ್ಲಿ ಆಪಲ್‌ನದು ಇದಕ್ಕೆ ತಿರುಗಾಮುರುಗಾ. "ಗೋಟು ಫೇಲ್" ("ಫೇಲ್" ಅನ್ನುವ ಜಾಗಕ್ಕೆ ಸೀದಾ ಜಿಗಿ) ಅನ್ನುವ ಸಾಲು ಎರಡು ಸಲ ಇತ್ತು. ಇಫ್‌ಗೆ, ಅಂದರೆ "ಹೀಗಿದ್ದರೆ ಮಾತ್ರ" ಅನ್ನುವ ಷರತ್ತಿಗೆ, ಆವರಣ ಚಿಹ್ನೆ ಹಾಕಿರಲಿಲ್ಲವಾದ್ದರಿಂದ ಎರಡನೆಯದು ಯಾವ ಷರತ್ತೂ ಇಲ್ಲದೆ ಓಡಿ, ಮುಂದಿನ ಭದ್ರತಾ ತಪಾಸಣೆಯನ್ನೇ ಹಾರಿಸಿಬಿಡುತ್ತಿತ್ತು. ಒಂದೇ ಸಾಲಿದ್ದರೂ ಆವರಣ ಹಾಕಿ ಅಂತ ನಾನು ಪೀಡಿಸುವುದು ಇದಕ್ಕೇ.

ಇನ್ನು 2024ರ ಮಾರ್ಚ್‌ನ ಎಕ್ಸ್‌ಜೆಡ್ (ಫೈಲ್ ಕುಗ್ಗಿಸುವ ಒಂದು ತಂತ್ರಾಂಶ) ಪ್ರಕರಣ ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ. ವರ್ಷಗಟ್ಟಲೆ ಒಳ್ಳೆಯ ಕೆಲಸ ಮಾಡಿ ವಿಶ್ವಾಸ ಗಳಿಸಿದ ಒಬ್ಬ ಸಹಾಯಕನೇ ಹಿಂಬಾಗಿಲು ಇಟ್ಟಿದ್ದ. ಅದನ್ನು ಬಿಚ್ಚುವ ಬೀಗದ ಕೈಯಂಥ ತುಣುಕು ಎಲ್ಲರೂ ಓದುವ ಕೋಡಿನ ಭಂಡಾರದಲ್ಲಿ ಇರಲೇ ಇಲ್ಲ, ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಇತ್ತು. ಆಂಡ್ರೆಸ್ ಫ್ರಾಯಿಂಡ್ ಅನ್ನುವ ಇಂಜಿನಿಯರಿಗೆ ಅದು ಸಿಕ್ಕಿದ್ದು ದೂರದ ಕಂಪ್ಯೂಟರಿಗೆ ಒಳಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ನಿಧಾನ ಆಗಿದ್ದರಿಂದ. ನಾನಾಗಿದ್ದರೆ ನೆಟ್ ಸರಿ ಇಲ್ಲ ಅಂದುಕೊಂಡು ಚಹಾಕ್ಕೆ ಎದ್ದು ಹೋಗುತ್ತಿದ್ದೆ.

ನಿಮ್ಮ ರಿವ್ಯೂ ಕಾಮೆಂಟುಗಳು ಮುಂಚೆ ಖಾರ ಇರ್ತಿದ್ವಂತೆ, ಹೌದಾ?

ಹೌದು. ಕಾರಣ ಇಂಗ್ಲಿಷು ಅಂತ ನನ್ನ ವಾದ. ಕನ್ನಡದಲ್ಲಿ "ಇದ್ಯಾಕ್ರೀ ಹೀಗೆ ಮಾಡಿದ್ರಿ?" ಅನ್ನುವಾಗ ಆ "ರೀ"ಯಲ್ಲೇ ಅರ್ಧ ಬಿಸಿ ಇಳಿದಿರುತ್ತದೆ. ಅದನ್ನೇ ಇಂಗ್ಲಿಷಿನಲ್ಲಿ ಒಂದು "ವೈ?" ಅಂತ ಬರೆದರೆ ಎದುರಿನವನಿಗೆ ಕಪಾಳಕ್ಕೆ ಹೊಡೆದಂತೆ. ಈಗ ಎರಡಕ್ಕಿಂತ ಹೆಚ್ಚು ಸಲ ಮಾತು ಅತ್ತಿತ್ತ ಆದರೆ ಬರೆಯುವುದನ್ನು ನಿಲ್ಲಿಸಿ "ಬನ್ರೀ, ಟೀಗೆ ಹೋಗೋಣ" ಅನ್ನುತ್ತೇನೆ. ವಾಪಸ್ ಬಂದು ತೀರ್ಮಾನ ಏನಾಯಿತು ಅಂತ ಅಲ್ಲೇ ಒಂದು ಸಾಲು ಬರೆದಿಡಬೇಕು, ಅದನ್ನು ಮರೆಯಬಾರದು. ಇಲ್ಲದಿದ್ದರೆ ಆರು ತಿಂಗಳ ಮೇಲೆ ಇನ್ನೊಬ್ಬ ಅದನ್ನೇ ಕೇಳುತ್ತಾನೆ, ನಮ್ಮಿಬ್ಬರಿಗೂ ನೆನಪಿರುವುದಿಲ್ಲ.

ಕೋಡಿನ ಸಾಲನ್ನು ಒಳಕ್ಕೆ ಸರಿಸಲು ಟ್ಯಾಬೋ ಸ್ಪೇಸೋ?

ಸಾಲುಗಳನ್ನು ತಾನೇ ಜೋಡಿಸುವ ಫಾರ್ಮ್ಯಾಟರ್ ಹಾಕಿ. ಮುಂದಿನ ಪ್ರಶ್ನೆ.

ಎಐ ಬರೆದುಕೊಟ್ಟ ಕೋಡನ್ನ ನೀವು ಒಪ್ಪಿಕೊಳ್ತೀರಾ?

ಯಾರು ಬರೆದದ್ದು ಅಂತ ಕೇಳುವುದಿಲ್ಲ. "ಈ ಸಾಲು ಯಾಕಿದೆ?" ಅಂತ ಕೇಳುತ್ತೇನೆ. "ಅದೇ ಹಾಕಿತು ಸರ್" ಅನ್ನುವ ಉತ್ತರ ಬಂದರೆ ಪಿಆರ್ ವಾಪಸ್. ನಿಮ್ಮ ಹೆಸರಲ್ಲಿ ಬಂದ ಮೇಲೆ ಅದು ನಿಮ್ಮದು.

ನಾನೂ ದಿನಾ ಬಳಸುತ್ತೇನೆ. ಟೆಸ್ಟಿಗೆ ಬೇಕಾದ ಸುಳ್ಳು ಡೇಟಾ ಹುಟ್ಟಿಸುವುದು, ಮರೆತುಹೋದ ರೆಗೆಕ್ಸ್ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಬರೆಸುವುದು, ಹಳೇ ಕೋಡಿನ ತಲೆಬುಡ ತಿಳಿಯುವುದು, ಇಂಥದಕ್ಕೆ ಚೆನ್ನ. ತೊಂದರೆ ಎಲ್ಲಿ ಅಂದರೆ, ಹೊಸಬ ಬರೆದ ಕೆಟ್ಟ ಕೋಡು ನೋಡಿದ ತಕ್ಷಣ ಕೆಟ್ಟದ್ದು ಅಂತ ಗೊತ್ತಾಗುತ್ತಿತ್ತು. ಹೆಸರುಗಳು ಅಸ್ತವ್ಯಸ್ತ, ಸಾಲುಗಳು ಓರೆಕೋರೆ. ಯಂತ್ರ ಬರೆದ ತಪ್ಪು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತದೆ. ಬರೆಯುವ ವೇಗ ಹೆಚ್ಚಿತು, ಓದುವ ವೇಗ ಇದ್ದಷ್ಟೇ ಇದೆ, ಮಧ್ಯದಲ್ಲಿ ಪಿಆರ್‌ಗಳು ಸಿಲ್ಕ್‌ಬೋರ್ಡ್ ಜಂಕ್ಷನ್ನಿನ ಹಾಗೆ ನಿಂತಿವೆ.

ಕನ್ನಡ ಬಳಸಿದ್ರೆ ಆ್ಯಪ್‌ಗಳು ಯಾಕೆ ಎಡವಟ್ಟು ಮಾಡ್ತವೆ?

ಬರೆದವರು ಒಂದು ಅಕ್ಷರ ಅಂದರೆ ಒಂದು ಅಕ್ಷರ ಅಂದುಕೊಂಡಿರುತ್ತಾರೆ. "ಸ್ತ್ರೀ" ನಮ್ಮ ಕಣ್ಣಿಗೆ ಒಂದೇ ಅಕ್ಷರ. ಎಲ್ಲ ಭಾಷೆಯ ಲಿಪಿಗೂ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಅದು ಆರು: ಸ, ವಿರಾಮ (ಒತ್ತಕ್ಷರ ಜೋಡಿಸುವ ಚಿಹ್ನೆ), ತ, ವಿರಾಮ, ರ, ಈಕಾರ. ಅದನ್ನು ಯಂತ್ರದಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಹದಿನೆಂಟು ಬೈಟು.

ಒಂದು ಫಾರಂನಲ್ಲಿ ಹೆಸರಿಗೆ 15ರ ಮಿತಿ ಹಾಕಿದ್ದರು. ಇಂಗ್ಲಿಷಿಗೇ ಕಷ್ಟ, ನಮ್ಮ ಕಡೆಗೆ ಕೇಳಬೇಕೇ? ನಮ್ಮೂರಿನ ಹಿರಿಯರೊಬ್ಬರ ಹೆಸರು ಲಕ್ಷ್ಮೀನರಸಿಂಹಯ್ಯ. ಓದಿದರೆ ಏಳೇ ಅಕ್ಷರ, ಯಂತ್ರದ ಎಣಿಕೆಯಲ್ಲಿ ಹದಿನಾರು. ಹದಿನೈದಕ್ಕೆ ಕತ್ತರಿಸಿದಾಗ ಚೀಟಿಯಲ್ಲಿ ಅಚ್ಚಾಗಿ ಬಂದದ್ದು "ಲಕ್ಷ್ಮೀನರಸಿಂಹಯ್". ಅಯ್ಯ ಹೋಗಿ ಅಯ್ ಉಳಿಯಿತು. ಅವರು ಬೇಜಾರು ಮಾಡಿಕೊಳ್ಳಲಿಲ್ಲ, "ಬೈಯೋದಕ್ಕೆ ಶುರು ಮಾಡಿ ನಿಲ್ಸಿದ್ದಾರೆ" ಅಂದರು.

ಎಸ್ಸೆಮ್ಮೆಸ್‌ನಲ್ಲೂ ಇದೇ ಕತೆ. ಇಂಗ್ಲಿಷಾದರೆ ಒಂದು ಸಂದೇಶಕ್ಕೆ 160, ಕನ್ನಡದ ಒಂದು ಅಕ್ಷರ ಒಳಗೆ ಬಂದರೂ 70. ಆ ಎಪ್ಪತ್ತೂ ವಿರಾಮ, ಕಾಗುಣಿತ ಎಲ್ಲ ಸೇರಿಸಿ. ಹಾಗಾಗಿ ಟೆಸ್ಟ್ ಬರೆಯುವಾಗ ಬಳಕೆದಾರನ ಹೆಸರು "ಜಾನ್" ಅಂತ ಇಡಬೇಡಿ. ಲಕ್ಷ್ಮೀನರಸಿಂಹಯ್ಯ ಅಂತ ಇಡಿ. ನಮ್ಮ ಟೀಮಿನಲ್ಲಿ ಕನ್ನಡ ಬಾರದವರೂ ಈಗ ಆ ಹೆಸರನ್ನು ಕಾಪಿ ಪೇಸ್ಟ್ ಮಾಡುತ್ತಾರೆ.

ಇಷ್ಟು ಸಂಬಳ ಬರುತ್ತೆ, ಕಾರ್ ಯಾಕೆ ತಗೊಂಡಿಲ್ಲ?

ಮಾವಂದಿರ ಪ್ರಶ್ನೆ. ಬನಶಂಕರಿಯಿಂದ ಆಫೀಸಿಗೆ ಬೈಕಿನಲ್ಲಿ ಐವತ್ತು ನಿಮಿಷ. ಕಾರಿನಲ್ಲಿ ಎಷ್ಟು ಅಂತ ಹೇಳಲು ಬರುವುದಿಲ್ಲ, ಅದೇ ಕಾರಣ.

ನಿಜ ಹೇಳಬೇಕೆಂದರೆ ಇದು ಅಪ್ಪನಿಂದ ಅಂಟಿದ್ದು. ಅಪ್ಪನದು ಯೆಜ್ಡಿ. ಮೈಸೂರಿನ ಯಾದವಗಿರಿಯಲ್ಲಿ 1961ರಿಂದ ಜಾವಾ, ಆಮೇಲೆ ಯೆಜ್ಡಿ ತಯಾರಾಗುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆ ಗಾಡಿಯಲ್ಲಿ ಒಂದೇ ಕಡ್ಡಿ: ಅದನ್ನೇ ಮೇಲೆತ್ತಿ ಒದ್ದರೆ ಕಿಕ್ಕು, ಮುಂದಕ್ಕೆ ಮಡಚಿದರೆ ಗೇರು. ನಾನು ಕಂಡ ಅತ್ಯುತ್ತಮ ಯೂಸರ್ ಇಂಟರ್‌ಫೇಸ್ ಅದು. ಹೊಸಬರಿಗೆ ಅರ್ಥವೇ ಆಗುತ್ತಿರಲಿಲ್ಲ, ಹಾಗಾಗಿ ಕಳ್ಳತನವೂ ಕಮ್ಮಿ ಅಂತ ಅಪ್ಪನ ಸಿದ್ಧಾಂತ.

ಹೊಸದಾಗಿ ಕಲಿಯೋರು ಯಾವ ಬೈಕ್ ತಗೋಬೇಕು?

ಎರಡೂ ಪಾದ ನೆಲಕ್ಕೆ ಊರುವಂಥದ್ದು, ಬಿದ್ದರೆ ಒಬ್ಬರೇ ಎತ್ತುವಂಥದ್ದು, ಮನೆಯ ಐದು ಕಿಲೋಮೀಟರಿನೊಳಗೆ ಮೆಕ್ಯಾನಿಕ್ ಇರುವಂಥದ್ದು. ಸಿಸಿ ಆಮೇಲೆ. ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ 2019ರ ಏಪ್ರಿಲ್ ನಂತರದ್ದನ್ನು ನೋಡಿ. ಆಗಿನಿಂದ 125 ಸಿಸಿ ಮೀರಿದ ಎಲ್ಲ ಹೊಸ ಬೈಕುಗಳಿಗೂ ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ. ನನ್ನ 350 ಸಿಸಿ 2015ರದ್ದು, ಅದರಲ್ಲಿ ಎಬಿಎಸ್ ಇಲ್ಲ, ಚಳಿಗಾಲದ ಬೆಳಗ್ಗೆ ಚೋಕ್ ಎಳೆಯದೆ ಏಳುವುದೂ ಇಲ್ಲ.

ಎಲೆಕ್ಟ್ರಿಕ್ಕು?

ಊರೊಳಗೆ ಓಡಾಡಲು ಕಣ್ಣು ಮುಚ್ಚಿ ತಗೊಳ್ಳಿ, ಮನೆಯಲ್ಲಿ ಚಾರ್ಜಿಂಗ್ ಪಾಯಿಂಟ್ ಹಾಕಿಸುವ ಅವಕಾಶ ಇದ್ದರೆ. ಬೆಂಗಳೂರಿನ ಏಥರ್ 2018ರಲ್ಲಿ ಸ್ಕೂಟರು, ಅಲ್ಟ್ರಾವಯೊಲೆಟ್ 2022ರಲ್ಲಿ ಬೈಕು ಬಿಟ್ಟ ಮೇಲೆ ನಮ್ಮ ಆಫೀಸಿನ ಪಾರ್ಕಿಂಗ್ ನೆಲಮಹಡಿಯ ಸದ್ದೇ ಬದಲಾಗಿದೆ. ನನ್ನ ಹೆಂಡತಿಯದು ಎಲೆಕ್ಟ್ರಿಕ್ ಸ್ಕೂಟರೇ. ಅದಕ್ಕೆ ಸಾಫ್ಟ್‌ವೇರ್ ಅಪ್‌ಡೇಟ್ ಬಂದಾಗ ರಿಲೀಸ್ ನೋಟ್ಸ್ ಓದುವವನು ನಾನೊಬ್ಬನೇ. "ಕೆಲವು ದೋಷಗಳನ್ನು ಸರಿಪಡಿಸಲಾಗಿದೆ" ಅಂತಷ್ಟೇ ಬರೆದಿದ್ದರೆ ತಲೆ ಕೆಡುತ್ತದೆ. ಬ್ರೇಕಿನದೋ ಬಣ್ಣದ್ದೋ ಹೇಳಿ ಸ್ವಾಮಿ!

ಹೆಲ್ಮೆಟ್ ಯಾವುದು?

ಮುಖ ಪೂರ್ತಿ ಮುಚ್ಚುವಂಥದ್ದು, ಐಎಸ್‌ಐ ಗುರುತು ಇರುವಂಥದ್ದು, ಪಟ್ಟಿ ಬಿಗಿದಿರುವಂಥದ್ದು. ಹಿಂದೆ ಕೂತವರಿಗೂ ಬೇಕು, ಕರ್ನಾಟಕದಲ್ಲಿ 2016ರಿಂದ ಅವರಿಗೂ ಕಡ್ಡಾಯ. ಪಾತ್ರೆ ಮಗುಚಿದ ಹಾಗೆ ತಲೆ ಮೇಲೆ ಕೂರುವ ಟೋಪಿಗಳು ಪೊಲೀಸರಿಗೆ ತೋರಿಸಲಷ್ಟೇ.

ಮೈಸೂರಿಗೆ ಬೈಕಲ್ಲಿ ಹೋಗೋದು ಹೇಗೆ?

2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ನಮಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ. ನಾನು ಕನಕಪುರ, ಮಳವಳ್ಳಿ, ಬನ್ನೂರು ಹಿಡಿದು ಹೋಗುತ್ತೇನೆ. ತಡ ಆಗುತ್ತದೆ, ಆದರೆ ಕಬ್ಬಿನ ಗದ್ದೆ, ಕಾಲುವೆ, ರಸ್ತೆಬದಿ ಎಳನೀರು ಸಿಗುತ್ತದೆ. ಅಲ್ಲಿಂದ ಊಟಿ ಕಡೆ ಹೊರಟಿದ್ದರೆ ಬಂಡೀಪುರದ ಗೇಟು ರಾತ್ರಿ ಒಂಬತ್ತಕ್ಕೆ ಮುಚ್ಚಿ ಬೆಳಗ್ಗೆ ಆರಕ್ಕೆ ತೆಗೆಯುತ್ತದೆ ಅನ್ನುವುದು ನೆನಪಿರಲಿ.

ಎಷ್ಟು ಸಲ ಬಿದ್ದಿದ್ದೀರಿ?

ಮೂರು. ಎರಡು ಸಲ ಗಾಡಿ ನಿಂತಾಗಲೇ: ಒಮ್ಮೆ ಪೆಟ್ರೋಲ್ ಬಂಕಿನಲ್ಲಿ, ಒಮ್ಮೆ ನಮ್ಮ ಗೇಟಿನ ಮುಂದೆ, ಸೈಡ್ ಸ್ಟ್ಯಾಂಡ್ ಹಾಕಿದ್ದೇನೆ ಅಂದುಕೊಂಡು ಇಳಿದಾಗ.

ಮೂರನೆಯದು ಜನವರಿಯಲ್ಲಿ, ಹಾಸನ ಜಿಲ್ಲೆಯ ನಮ್ಮೂರಿನ ಹತ್ತಿರ. ಸುಗ್ಗಿ ಸಮಯಕ್ಕೆ ನಮ್ಮ ಕಡೆ ರಾಗಿ, ಹುರುಳಿಯನ್ನು ಟಾರು ರಸ್ತೆಗೇ ಹರವುತ್ತಾರೆ, ಗಾಡಿಗಳು ಹಾದು ಹಾದು ಒಕ್ಕಣೆ ಆಗಲಿ ಅಂತ. ನನಗೇನು ಗೊತ್ತಿಲ್ಲದ್ದಲ್ಲ, ಚಿಕ್ಕವನಿದ್ದಾಗ ನಾನೇ ಹರವಿದ್ದೇನೆ. ತಿರುವು ದಾಟಿದ ಕೂಡಲೇ ಎದುರಿಗೆ ಹುರುಳಿ ಹಾಸು, ಗಾಡಿ ನಲವತ್ತರಲ್ಲಿತ್ತು. ಎಡಗಡೆ ಮೂರಡಿ ಖಾಲಿ ರಸ್ತೆ ಇತ್ತು. ಆದರೆ ನಾನು ಹುರುಳಿಯನ್ನೇ ದಿಟ್ಟಿಸಿದೆ. ಬೈಕಿನ ಗುಣವೇ ಅದು, ಕಣ್ಣು ಎಲ್ಲಿ ನೆಟ್ಟಿತೋ ಅಲ್ಲಿಗೇ ಹೋಗುತ್ತದೆ. ರಸ್ತೆ ಗುಂಡಿಯನ್ನೇ ನೋಡುತ್ತ ಹೋದವರು ಗುಂಡಿಗೇ ಇಳಿಯುವುದು ಹೀಗೆ. ಕಲಿಸುವವರೆಲ್ಲ ಹೇಳುವ ಮೊದಲ ಪಾಠ ಇದು: ಹೋಗಬೇಕಾದ ಕಡೆ ನೋಡು. ಆ ಕ್ಷಣಕ್ಕೆ ಮರೆತಿತ್ತು. ಅದರ ಮೇಲೆ ಹತ್ತಿದ ಮೇಲೆ ಹಿಂದಿನ ಬ್ರೇಕು ಬೇರೆ ತುಳಿದೆ. ಚಕ್ರದಡಿ ಗೋಲಿಯಾಟ. ಗಾಡಿ ಬಲಕ್ಕೆ, ನಾನು ಎಡಕ್ಕೆ, ಹುರುಳಿ ನಾಲ್ಕೂ ದಿಕ್ಕಿಗೆ.

ಮೊಣಕೈ ತರಚಿತ್ತು, ಜಾಕೆಟ್ ಇದ್ದದ್ದಕ್ಕೆ ಅಷ್ಟರಲ್ಲೇ ಮುಗಿಯಿತು. ಹೊಂಗೆಮರದ ಕೆಳಗಿದ್ದ ಅಜ್ಜಿ ಓಡಿಬಂದು ಮೊದಲು ನೋಡಿದ್ದು ಹುರುಳಿಯನ್ನು. "ಎಲ್ಲಾ ಚೆಲ್ಲಾಪಿಲ್ಲಿ ಮಾಡ್ಬುಟ್ಯಲ್ಲಪ್ಪಾ, ಕಣ್ ಕಾಣಾಕಿಲ್ವಾ?" ಅಂದರು. ಆಮೇಲೆ ರಕ್ತ ಕಂಡು ಚೊಂಬಿನಲ್ಲಿ ನೀರು ತಂದರು. ಅರ್ಧ ಗಂಟೆ ಕೂತು ಇಬ್ಬರೂ ಪೊರಕೆಯಲ್ಲಿ ಹುರುಳಿ ಗುಡಿಸಿದೆವು. ಹೊರಡುವಾಗ ಒಂದು ಸೇರು ಹುರುಳಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಟ್ಟು, "ಬಸ್ಸಾರು ಮಾಡ್ಸ್ಕೊಂಡು ಉಣ್ಣು" ಅಂದರು. ಮನೆಯಲ್ಲಿ ಹುರುಳಿ ಎಲ್ಲಿಂದ ಬಂತು ಅಂತ ಅಮ್ಮ ಕೇಳಿದಾಗ ಅಂಗಡಿಯಿಂದ ಅಂದೆ.

ಅಪ್ಪನ ಯೆಜ್ಡಿ ಈಗ ಎಲ್ಲಿದೆ? ಕೊಡ್ತೀರಾ?

ಊರಿನ ಕೊಟ್ಟಿಗೆಯಲ್ಲಿದೆ, ಕೊಡಲ್ಲ. ಎಡಗಡೆ ಸೈಲೆನ್ಸರ್ ಒಂದು ಬೇಕಾಗಿದೆ, ಯಾವುದಾದರೂ ಗುಜರಿಯಲ್ಲಿ ಕಂಡರೆ ಹೇಳಿ.